ಗೆದ್ದೂ ಕುರ್ಚಿ ಬಿಟ್ಟ ಪಕ್ಷ: ಟುನೀಶಿಯಾದ ಎನ್ನಹ್ದಾ, ಮಡಿಕೇರಿಯ ತರಗತಿಯೊಂದರಲ್ಲಿ

ಚುನಾವಣೆಯಲ್ಲಿ ಎಲ್ಲರಿಗಿಂತ ಜಾಸ್ತಿ ಸೀಟು ಗೆದ್ದ ಪಕ್ಷ ಅದು. ಸದನದಲ್ಲಿ ಯಾರೂ ಅದನ್ನು ಸೋಲಿಸಿರಲಿಲ್ಲ. ಸೇನೆ ಬ್ಯಾರಕ್ ಬಿಟ್ಟು ಹೊರಗೆ ಬಂದಿರಲಿಲ್ಲ. ಆದರೂ 2014ರ ಜನವರಿ 9ರಂದು ಅದರ ಪ್ರಧಾನಿ ರಾಜೀನಾಮೆ ಕೊಟ್ಟರು. ಯಾವ ಪಕ್ಷಕ್ಕೂ ಸೇರದವರ ಸರ್ಕಾರ ಬಂತು. ದೇಶ ಉತ್ತರ ಆಫ್ರಿಕಾದ ಟುನೀಶಿಯಾ, ಪಕ್ಷ ಎನ್ನಹ್ದಾ. ಇಸ್ಲಾಮಿನ ಹೆಸರು ಹೇಳಿಕೊಂಡೇ ಹುಟ್ಟಿ ಬೆಳೆದ ಪಕ್ಷ. ಯಾಕೆ ಬಿಟ್ಟುಕೊಟ್ಟರು? ಅಷ್ಟರಲ್ಲಿ ಅವರ ವಿಚಾರವೇ ಬದಲಾಗಿತ್ತಾ, ಇಲ್ಲ ಸಮಯ ನೋಡಿ ಮಾತು ಬದಲಾಯಿಸಿದರಾ? ಈ ಪ್ರಕರಣದಲ್ಲಿ ನೋಡಬೇಕಾದದ್ದು ಇದನ್ನೇ.

ಮಡಿಕೇರಿಯ ಒಂದು ಕಾಲೇಜಿನಲ್ಲಿ ಕೊನೇ ವರ್ಷದ ರಾಜ್ಯಶಾಸ್ತ್ರದ ಮಕ್ಕಳಿಗೆ ನಾನು ಇದನ್ನು ಪಾಠ ಮಾಡುತ್ತೇನೆ. ನಾಪೋಕ್ಲು, ಸಿದ್ದಾಪುರ, ಸೋಮವಾರಪೇಟೆ, ಕುಟ್ಟ ಕಡೆಯ ಮಕ್ಕಳು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ. ತರಗತಿಯಲ್ಲಿ ಕನ್ನಡ. ಧರ್ಮ ಮತ್ತು ರಾಜಕೀಯ ಅಂತ ನಮ್ಮ ಜಿಲ್ಲೆಯದೇ ಉದಾಹರಣೆ ತೆಗೆದರೆ ಯಾರೂ ಬಾಯಿ ಬಿಡುವುದಿಲ್ಲ. 2015ರ ನವೆಂಬರ್‌ನಲ್ಲಿ ಟಿಪ್ಪು ಜಯಂತಿಯ ದಿನ ಇದೇ ಪೇಟೆಯಲ್ಲಿ ಗಲಭೆಯಾಗಿ ಜೀವ ಹೋದದ್ದನ್ನು ಎಲ್ಲರೂ ಮನೆಯಲ್ಲಿ ಕೇಳಿ ಬೆಳೆದವರು. ಪಕ್ಕದ ಬೆಂಚಿನವರ ಮನಸ್ಸು ನೋಯಬಾರದು ಅಂತ ಸುಮ್ನೆ ಕೂತಿರುತ್ತಾರೆ. ಟುನೀಶಿಯಾ ಅಂದರೆ ಮಾತಾಡುತ್ತಾರೆ. ಅಲ್ಲಿ ಯಾರಿಗೂ ನೆಂಟರಿಲ್ಲ, ಹಳೆಯ ಜಗಳವಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎನ್ನಹ್ದಾ ನಿಜವಾಗಿಯೂ ಬದಲಾಯಿತು. ಎದುರಾಳಿಗಳ ಜೊತೆ ಕೂತು ಒಂದೇ ಕಾಗದಕ್ಕೆ ಸಹಿ ಹಾಕಬೇಕಾಗಿ ಬಂದಾಗಲೆಲ್ಲ ಅದರ ವಿಚಾರ ಒಂದಿಷ್ಟು ಸರಿಯಿತು. ಆದರೆ ಧರ್ಮದ ಪ್ರಶ್ನೆಗೆ ಕೊಟ್ಟ ಶ್ರದ್ಧೆಯನ್ನು ಅದು ಜನರ ಹೊಟ್ಟೆಪಾಡಿಗೆ ಕೊಡಲಿಲ್ಲ. ಕೊನೆಗೆ ಸಂಸತ್ತಿನ ಬಾಗಿಲಿಗೆ ಬೀಗ ಬಿದ್ದಾಗ ಕಾಯಲು ಜನ ಬರಲಿಲ್ಲ.

ಶಾಲೆ ಮೇಷ್ಟರ ಚಳವಳಿ

1956ರ ಮಾರ್ಚ್ 20ರಂದು ಫ್ರೆಂಚರಿಂದ ಸ್ವಾತಂತ್ರ್ಯ ಬಂತು. ಹಬೀಬ್ ಬುರ್ಗೀಬಾ ಅಧಿಕಾರಕ್ಕೆ ಬಂದರು. ಅದೇ ವರ್ಷ ಆಗಸ್ಟ್‌ನಲ್ಲಿ ಹೊಸ ಕುಟುಂಬ ಕಾನೂನು ತಂದು ಬಹುಪತ್ನಿತ್ವ ನಿಲ್ಲಿಸಿದರು, ವಿಚ್ಛೇದನವನ್ನು ಕೋರ್ಟಿಗೆ ತಂದರು. ಅರಬ್ ಲೋಕದಲ್ಲಿ ಹೆಂಗಸರಿಗೆ ಅಷ್ಟು ಹಕ್ಕು ಆಗ ಎಲ್ಲೂ ಇರಲಿಲ್ಲ. ಇದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬುರ್ಗೀಬಾ ಎಲ್ಲವನ್ನೂ ಮೇಲಿಂದ ಹೇರಿದರು. ನೂರಾರು ವರ್ಷಗಳಿಂದ ಧರ್ಮದ ವಿದ್ಯೆ ಕಲಿಸುತ್ತಿದ್ದ ಝೈತೂನಾ ಮಸೀದಿಯ ಶಿಕ್ಷಣ ವ್ಯವಸ್ಥೆ ಕಳಚಿಬಿತ್ತು. ದೇಶ ಕಟ್ಟಬೇಕು, ರಂಜಾನ್ ಉಪವಾಸ ಬಿಟ್ಟು ಕೆಲಸ ಮಾಡಿ ಅಂತ 1960ರಲ್ಲಿ ಕರೆ ಕೊಟ್ಟರು. ಅರಬ್ಬಿಯಲ್ಲಿ ಓದಿದವರಿಗೆ ಕೆಲಸವಿಲ್ಲ, ಫ್ರೆಂಚ್ ಬಂದವರಿಗೆ ಕುರ್ಚಿ. ಆ ಸಿಟ್ಟು ಹಳ್ಳಿಗಳಲ್ಲಿ ಉಳಿಯಿತು.

ರಾಶಿದ್ ಘನ್ನೂಶಿ ಅಂಥ ಹಳ್ಳಿಯವರು. 1941ರಲ್ಲಿ ದಕ್ಷಿಣದ ಗಾಬೆಸ್ ಹತ್ತಿರ ಒಂದು ರೈತ ಮನೆಯಲ್ಲಿ ಹುಟ್ಟಿದರು. ಝೈತೂನಾ ಪದ್ಧತಿಯ ಶಾಲೆಯಲ್ಲಿ ಓದಿ, ದಮಾಸ್ಕಸ್‌ನಲ್ಲಿ ತತ್ವಶಾಸ್ತ್ರ ಕಲಿತು, ವಾಪಸ್ ಬಂದು ಶಾಲೆಯಲ್ಲಿ ಅದೇ ತತ್ವಶಾಸ್ತ್ರದ ಮೇಷ್ಟರಾದರು. 1970ರ ದಶಕದಲ್ಲಿ ವಕೀಲ ಅಬ್ದುಲ್ ಫತ್ತಾಹ್ ಮೂರೂ ಮುಂತಾದವರ ಜೊತೆ ಸೇರಿ ಮಸೀದಿಗಳಲ್ಲಿ ಓದುವ ಗುಂಪು ಕಟ್ಟಿದರು. ಈಜಿಪ್ಟಿನ ಸಯ್ಯಿದ್ ಕುತುಬ್, ನಮ್ಮ ಉಪಖಂಡದ ಮೌದೂದಿ ಇವರ ಬರಹಗಳನ್ನು ಆಗ ಅಲ್ಲಿ ಜಾಸ್ತಿ ಓದುತ್ತಿದ್ದರು. ಹೊರಗಿನ ಪದ್ಧತಿ ಎಲ್ಲ ತಪ್ಪು, ಸಮಾಜವನ್ನು ಬುಡದಿಂದ ಇಸ್ಲಾಮಿಗೆ ತರಬೇಕು ಅನ್ನುವ ಧಾಟಿ.

ಮೊದಲ ಪೆಟ್ಟು ಬಿದ್ದದ್ದು 1978ರ ಜನವರಿ 26ರಂದು. ದೇಶದ ದೊಡ್ಡ ಕಾರ್ಮಿಕ ಸಂಘಟನೆ ಯುಜಿಟಿಟಿ ಮುಷ್ಕರ ಹೂಡಿತು, ಸರ್ಕಾರ ಗುಂಡು ಹಾರಿಸಿತು. ನಮಾಜಿನ ಬಗ್ಗೆ, ಉಡುಪಿನ ಬಗ್ಗೆ ಮಾತಾಡುತ್ತಿದ್ದ ಗುಂಪಿಗೆ ಆ ದಿನ ಹೇಳಲು ಏನೂ ಇರಲಿಲ್ಲ. ಯೂನಿವರ್ಸಿಟಿಯಲ್ಲಿ ಎಡಪಂಥದ ಹುಡುಗರ ಎದುರು ಇವರ ಹುಡುಗರಿಗೆ ಉತ್ತರ ಹೊಳೆಯಲಿಲ್ಲ. ಕೂಲಿ, ಬೆಲೆ, ಸಂಘ ಕಟ್ಟುವ ಹಕ್ಕು ಇವೂ ಧರ್ಮದವರ ವಿಷಯ ಅಂತ ಘನ್ನೂಶಿ ಹೇಳಲು ಶುರು ಮಾಡಿದ್ದು ಅದಾದ ಮೇಲೆ.

1981ರ ಜೂನ್ 6ರಂದು ಇಸ್ಲಾಮಿಕ್ ಪ್ರವೃತ್ತಿ ಚಳವಳಿ ಅನ್ನುವ ಹೆಸರಿನಲ್ಲಿ ಬಹಿರಂಗವಾಗಿ ಬಂದರು. ಬೇರೆ ಪಕ್ಷಗಳೂ ಇರಬೇಕು, ಚುನಾವಣೆ ಬೇಕು, ಹಿಂಸೆ ಬೇಡ ಅಂತ ಹುಟ್ಟಿದ ದಿನವೇ ಘೋಷಿಸಿದರು. ಸರ್ಕಾರ ಮಾನ್ಯತೆ ಕೊಡಲಿಲ್ಲ, ನಾಯಕರನ್ನು ಹಿಡಿಯಿತು. ಘನ್ನೂಶಿಗೆ 11 ವರ್ಷ ಶಿಕ್ಷೆಯಾಯಿತು. 1984ರಲ್ಲಿ ಬಿಡುಗಡೆ, 1987ರಲ್ಲಿ ಮತ್ತೆ ಬಂಧನ, ಜೀವಾವಧಿ.

ಇಷ್ಟು ಹೇಳುವಾಗ ಒಬ್ಬ ಹುಡುಗ ಕೇಳಿದ. "ಮೇಡಂ, ಮೊದಲ ದಿನವೇ ಚುನಾವಣೆ ಒಪ್ಪಿದ್ದರು ಅಂದ ಮೇಲೆ ಬದಲಾಗಿದ್ದು ಏನು?"

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ನಮ್ಮ ಜಿಲ್ಲೆಯ ತಕ್ಕಡಿ ಪಕ್ಷವನ್ನು ನೆನಪಿಸಿದೆ. ಕೊಡಗು ಸ್ವಂತ ಶಾಸನಸಭೆ ಇದ್ದ ರಾಜ್ಯವಾಗಿದ್ದಾಗ, 1952ರ ಚುನಾವಣೆಯಲ್ಲಿ 24 ಸೀಟುಗಳಲ್ಲಿ 15 ಕಾಂಗ್ರೆಸ್ಸಿಗೆ ಬಂದವು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಎದುರು ನಿಂತದ್ದು ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ. ಕೊಡಗು ಬೇರೆಯಾಗಿಯೇ ಉಳಿಯಬೇಕು ಅನ್ನುವುದು ಅವರ ಬೇಡಿಕೆ. 1956ರ ನವೆಂಬರ್ 1ರಂದು ಕೊಡಗು ಮೈಸೂರಿಗೆ ಸೇರಿತು. ಬೇಡಿಕೆ ಹೋಯಿತು, ಪಕ್ಷವೂ ಹೋಯಿತು. ಒಂದೇ ಬೇಡಿಕೆಯ ಪಕ್ಷಕ್ಕೆ ಒಂದು ಕೊನೆ ಇರುತ್ತದೆ. ನಂಬಿಕೆಯ ಮೇಲೆ ನಿಂತ ಪಕ್ಷ ಹಾಗೆ ಮುಗಿಯುವುದಿಲ್ಲ. ಚುನಾವಣೆ ಒಪ್ಪಿದೆವು ಅಂದರೂ ಗೆದ್ದ ಮೇಲೆ ಕಾನೂನು ಯಾರದು, ದೇವರದಾ, ಸದನದ್ದಾ ಅನ್ನುವ ಪ್ರಶ್ನೆ ಉಳಿದೇ ಇರುತ್ತದೆ. 1981ರಲ್ಲಿ ಅದಕ್ಕೆ ಅವರು ಉತ್ತರ ಕೊಟ್ಟಿರಲಿಲ್ಲ.

ಜೈಲು, ಲಂಡನ್, ಒಂದು ಉಪವಾಸ

1987ರ ನವೆಂಬರ್ 7ರಂದು ಪ್ರಧಾನಿ ಬೆನ್ ಅಲಿ, ಬುರ್ಗೀಬಾರನ್ನು ಕೆಳಗಿಳಿಸಿ ತಾವೇ ಅಧ್ಯಕ್ಷರಾದರು. ಸ್ವಲ್ಪ ದಿನ ಗಾಳಿ ಬೀಸಿತು. ಧರ್ಮದ ಹೆಸರಿರುವ ಪಕ್ಷಕ್ಕೆ ಮಾನ್ಯತೆ ಇಲ್ಲ ಅಂದಾಗ ಇವರು ಹೆಸರು ಬದಲಾಯಿಸಿ ಎನ್ನಹ್ದಾ ಆದರು. ಆದರೂ ಮಾನ್ಯತೆ ಬರಲಿಲ್ಲ. 1989ರ ಏಪ್ರಿಲ್ ಚುನಾವಣೆಗೆ ಪಕ್ಷೇತರರಾಗಿ ನಿಂತರು. ಎಣಿಕೆ ಪ್ರಾಮಾಣಿಕವಾಗಿರಲಿಲ್ಲ, ಆದರೂ ಎರಡನೇ ಶಕ್ತಿ ಯಾರು ಅನ್ನುವುದು ಎಲ್ಲರಿಗೂ ಕಂಡಿತು. ಬೆನ್ ಅಲಿಗೂ ಕಂಡಿತು. ಘನ್ನೂಶಿ ದೇಶ ಬಿಟ್ಟು ಅಲ್ಜೀರಿಯಾಕ್ಕೆ, ಮುಂದೆ ಲಂಡನ್ನಿಗೆ ಹೋದರು. 1991ರ ಫೆಬ್ರವರಿಯಲ್ಲಿ ಟುನಿಸ್ ನಗರದ ಬಾಬ್ ಸುವೈಕಾದಲ್ಲಿ ಆಡಳಿತ ಪಕ್ಷದ ಕಚೇರಿಗೆ ಬೆಂಕಿ ಹಚ್ಚಿದರು, ಕಾವಲುಗಾರ ಸತ್ತ. ಅದನ್ನು ಖಂಡಿಸಿ ಅಬ್ದುಲ್ ಫತ್ತಾಹ್ ಮೂರೂ ಎನ್ನಹ್ದಾದಿಂದ ದೂರ ಸರಿದರು. 1992ರಲ್ಲಿ ಮಿಲಿಟರಿ ಕೋರ್ಟುಗಳಲ್ಲಿ ಸಾಮೂಹಿಕ ವಿಚಾರಣೆ ನಡೆಯಿತು. ಸಾವಿರಾರು ಜನ ಜೈಲು ಸೇರಿದರು.

ಅಲಿ ಲಾರಾಯೆದ್ ಅವರಲ್ಲಿ ಒಬ್ಬರು. ಸುಮಾರು 14 ವರ್ಷ ಜೈಲು, ಅದರಲ್ಲಿ ಹೆಚ್ಚಿನ ಕಾಲ ಒಂಟಿ ಕೋಣೆ, ಚಿತ್ರಹಿಂಸೆ. ಇದೇ ಮನುಷ್ಯ 2011ರ ಡಿಸೆಂಬರ್‌ನಲ್ಲಿ ಗೃಹ ಸಚಿವರಾದರು. ತನ್ನನ್ನು ಹಿಂಸಿಸಿದ ಇಲಾಖೆಯ ಕಚೇರಿಗೆ ಸಚಿವನಾಗಿ ನಡೆದು ಹೋದರು. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ಬರೆಯುವುದನ್ನು ನಿಲ್ಲಿಸುತ್ತಾರೆ. ಜೈಲಿಗೆ ಹೋದವರೆಲ್ಲ ಮೆತ್ತಗಾಗುತ್ತಾರೆ ಅಂತೇನಿಲ್ಲ. ಈಜಿಪ್ಟಿನ ಜೈಲುಗಳಿಂದ ಉಗ್ರರೂ ಹೊರಬಂದಿದ್ದಾರೆ. ಅದಕ್ಕೇ ಜೈಲೇ ಇವರನ್ನು ಬದಲಾಯಿಸಿತು ಅನ್ನುವ ವಿವರಣೆ ನನಗೆ ಸಾಕಾಗುವುದಿಲ್ಲ.

ನನ್ನ ಪ್ರಕಾರ ಹೆಚ್ಚು ಮುಖ್ಯವಾದದ್ದು 2005ರ ಅಕ್ಟೋಬರ್ 18. ವಿಶ್ವಸಂಸ್ಥೆಯ ಮಾಹಿತಿ ಸಮಾಜದ ಸಮ್ಮೇಳನ ಟುನಿಸ್‌ನಲ್ಲಿ ನಡೆಯುವುದಿತ್ತು. ಜಗತ್ತಿನ ಕಣ್ಣು ಅಲ್ಲಿರುವ ಹೊತ್ತು ನೋಡಿ 8 ಜನ ಉಪವಾಸ ಕೂತರು. ಅವರಲ್ಲಿ ಉದಾರವಾದಿ ನಾಯಕ ಅಹ್ಮದ್ ನಜೀಬ್ ಶೆಬ್ಬಿ, ಕಮ್ಯುನಿಸ್ಟ್ ನಾಯಕ ಹಮ್ಮಾ ಹಮ್ಮಾಮಿ, ಎನ್ನಹ್ದಾದ ವಕೀಲ ಸಮೀರ್ ದಿಲೂ ಇದ್ದರು. ಒಬ್ಬರಿಗೊಬ್ಬರು ಮುಖ ನೋಡದ ಗುಂಪುಗಳ ಜನ ಒಂದೇ ಕೋಣೆಯಲ್ಲಿ ಹಸಿದು ಕೂತದ್ದು. ಉಪವಾಸ ಮುಗಿದ ಮೇಲೂ ಆ ಕೂಟ ಉಳಿಯಿತು. ಹೆಂಗಸರ ಹಕ್ಕು, ನಂಬಿಕೆಯ ಸ್ವಾತಂತ್ರ್ಯ, ಧರ್ಮ ಮತ್ತು ಸರ್ಕಾರದ ಸಂಬಂಧ ಹೀಗೆ ಒಂದೊಂದು ವಿಷಯಕ್ಕೂ ಚರ್ಚಿಸಿ ಜಂಟಿ ಹೇಳಿಕೆ ಬರೆದರು. 1956ರ ಕುಟುಂಬ ಕಾನೂನನ್ನು ಹಿಂದೆ ತೆಗೆಯುವುದಿಲ್ಲ ಅಂತ ಎನ್ನಹ್ದಾ ಅಲ್ಲಿ ಒಪ್ಪಿಕೊಂಡಿತು. ಆಗ ಅಧಿಕಾರದ ಆಸೆಯೇ ಇರಲಿಲ್ಲ, ನೆನಪಿಡಿ. ಬೆನ್ ಅಲಿ ಗಟ್ಟಿಯಾಗಿ ಕೂತಿದ್ದರು. ಓಟಿಗಾಗಿ ಮಾಡಿದ ನಾಟಕ ಅನ್ನಲು ಅಲ್ಲಿ ಓಟೇ ಇರಲಿಲ್ಲ.

ಮಾತು ಬಿಟ್ಟು ಓಟು ನೋಡಿ

2010ರ ಡಿಸೆಂಬರ್ 17ರಂದು ಸೀದಿ ಬೂಝೀದ್ ಪಟ್ಟಣದಲ್ಲಿ ತರಕಾರಿ ಗಾಡಿಯ ಮುಹಮ್ಮದ್ ಬುಅಝೀಝಿ ಬೆಂಕಿ ಹಚ್ಚಿಕೊಂಡರು. 2011ರ ಜನವರಿ 14ರಂದು ಬೆನ್ ಅಲಿ ಓಡಿಹೋದರು. ಜನವರಿ 30ರಂದು ಘನ್ನೂಶಿ ಲಂಡನ್ನಿಂದ ಬಂದಿಳಿದರು, ವಿಮಾನ ನಿಲ್ದಾಣದಲ್ಲಿ ಸಾವಿರಾರು ಜನ. ಮಾರ್ಚ್‌ನಲ್ಲಿ ಪಕ್ಷಕ್ಕೆ ಮೊದಲ ಸಲ ಮಾನ್ಯತೆ ಸಿಕ್ಕಿತು. ಅಕ್ಟೋಬರ್ 23ರ ಸಂವಿಧಾನ ಸಭೆಯ ಚುನಾವಣೆಯಲ್ಲಿ 217ರಲ್ಲಿ 89 ಸೀಟು, ಸುಮಾರು 15 ಲಕ್ಷ ಓಟು. ಸ್ವಂತ ಬಹುಮತವಿಲ್ಲ. ಎರಡು ಸೆಕ್ಯುಲರ್ ಪಕ್ಷಗಳ ಜೊತೆ ಸೇರಿ ಸರ್ಕಾರ ಮಾಡಿದರು. ಎನ್ನಹ್ದಾದ ಹಮ್ಮಾದಿ ಜಿಬಾಲಿ ಪ್ರಧಾನಿ, ಮೊನ್ಸೆಫ್ ಮರ್ಜೂಕಿ ಅಧ್ಯಕ್ಷ, ಮುಸ್ತಫಾ ಬೆನ್ ಜಾಫರ್ ಸಭಾಧ್ಯಕ್ಷ.

ಇಲ್ಲಿಂದ ಮುಂದೆ ತರಗತಿಯಲ್ಲಿ ನನ್ನದು ಒಂದೇ ನಿಯಮ. ಪಕ್ಷದ ನಾಯಕರು ಏನು ಹೇಳಿದರು ಅನ್ನುವುದನ್ನು ಬದಿಗಿಡಿ. ಸದನದಲ್ಲಿ ಕೈ ಎತ್ತಿದ್ದು ಯಾವುದಕ್ಕೆ ಅಂತ ನೋಡಿ. ಎನ್ನಹ್ದಾ ಎರಡು ನಾಲಿಗೆಯ ಪಕ್ಷ, ಹೊರಗೆ ಒಂದು ಒಳಗೆ ಒಂದು ಅನ್ನುವ ಆರೋಪ ಟುನೀಶಿಯಾದಲ್ಲಿ ದಿನಾ ಕೇಳುತ್ತಿತ್ತು. ಆರೋಪಕ್ಕೆ ಆಧಾರವೂ ಇತ್ತು. ಘನ್ನೂಶಿ ಸಲಫಿ, ಅಂದರೆ ಧರ್ಮದ ಕಟ್ಟುನಿಟ್ಟು ಆಚರಣೆಗೆ ಹಟ ಹಿಡಿಯುವ ಪಂಥದ, ಯುವಕರ ಜೊತೆ ಕೂತು, ತಾಳ್ಮೆ ಇರಲಿ, ಸೇನೆ ಮತ್ತು ಪೊಲೀಸ್ ಇನ್ನೂ ನಮ್ಮ ಕಡೆ ಇಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ ವಿಡಿಯೋ 2012ರ ಅಕ್ಟೋಬರ್‌ನಲ್ಲಿ ಹೊರಬಂತು. ಇದನ್ನು ಮುಚ್ಚಿಟ್ಟು ಪಾಠ ಮಾಡಲು ಆಗುವುದಿಲ್ಲ.

ಹಾಗಾದರೆ ಕೈ ಎತ್ತಿದ್ದು ಯಾವುದಕ್ಕೆ? ಸಂವಿಧಾನದಲ್ಲಿ ಶರೀಅತ್ತನ್ನು ಕಾನೂನಿನ ಮೂಲ ಅಂತ ಬರೆಯಬೇಕು ಅಂತ ಬೀದಿಯಲ್ಲಿ ಮೆರವಣಿಗೆ ನಡೆಯುತ್ತಿದ್ದಾಗ, 2012ರ ಮಾರ್ಚ್‌ನಲ್ಲಿ ಪಕ್ಷ ಅದು ಬೇಡ ಅಂತ ತೀರ್ಮಾನಿಸಿತು. 1959ರ ಸಂವಿಧಾನದ ಮೊದಲ ವಿಧಿಯನ್ನೇ ಇಟ್ಟುಕೊಂಡರೆ ಸಾಕು ಅಂದಿತು. ಅದರಲ್ಲಿ ದೇಶದ ಧರ್ಮ ಇಸ್ಲಾಂ ಅಂತ ಇದೆ, ಶರೀಅತ್ತಿನ ಮಾತಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಕರಡಿನ ಒಂದು ವಿಧಿ ಹೆಣ್ಣನ್ನು ಗಂಡಿಗೆ ಪೂರಕ ಅನ್ನುವ ಹಾಗೆ ಬಂದಾಗ ಹೆಂಗಸರು ಬೀದಿಗಿಳಿದರು. ವಿಧಿ ಹೋಯಿತು, ಸಮಾನ ಹಕ್ಕಿನ ಮಾತು ಬಂತು. ಇದರಲ್ಲಿ ಪಕ್ಷದ ಹಿರಿಮೆ ಕಡಿಮೆ, ಆ ಹೆಂಗಸರದೇ ಜಾಸ್ತಿ.

ಆಮೇಲೆ 2014ರ ಜನವರಿ. ಸಂವಿಧಾನದ ವಿಧಿಗಳಿಗೆ ಒಂದೊಂದಾಗಿ ಓಟು ಹಾಕುತ್ತಿದ್ದ ದಿನಗಳು. ಎನ್ನಹ್ದಾದ ಒಬ್ಬ ಸದಸ್ಯ ಹಬೀಬ್ ಎಲ್ಲೂಝ್, ಎಡಪಂಥದ ಸದಸ್ಯ ಮೊಂಜಿ ರಹ್ವಿಯವರನ್ನು ಇಸ್ಲಾಮಿನ ವೈರಿ ಅನ್ನುವ ಅರ್ಥದಲ್ಲಿ ಮಾಧ್ಯಮದಲ್ಲಿ ಜರೆದರು. ನನಗೆ ಕೊಲೆ ಬೆದರಿಕೆ ಬರುತ್ತಿದೆ ಅಂತ ರಹ್ವಿ ಸದನದಲ್ಲಿ ಎದ್ದು ನಿಂತು ಹೇಳಿದರು. ಹಿಂದಿನ ವರ್ಷವಷ್ಟೇ ಇಬ್ಬರು ಎಡಪಂಥದ ನಾಯಕರ ಕೊಲೆಯಾಗಿತ್ತು, ಹಾಗಾಗಿ ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆರನೇ ವಿಧಿಯನ್ನು ಮತ್ತೆ ತೆರೆದರು. ನಂಬಿಕೆಯ ಮತ್ತು ಆತ್ಮಸಾಕ್ಷಿಯ ಸ್ವಾತಂತ್ರ್ಯದ ಜೊತೆಗೆ, ಒಬ್ಬ ಮುಸ್ಲಿಮನನ್ನು ಧರ್ಮಬಿಟ್ಟವನು ಅಂತ ಸಾರುವುದನ್ನು ನಿಷೇಧಿಸುವ ಮಾತು ಸೇರಿತು. ಎನ್ನಹ್ದಾ ಒಪ್ಪದೆ ಇದು ಪಾಸಾಗುವ ಹಾಗಿರಲಿಲ್ಲ. ಜನವರಿ 26ರಂದು ಪೂರ್ತಿ ಸಂವಿಧಾನಕ್ಕೆ 216ರಲ್ಲಿ 200 ಓಟು ಬಿದ್ದವು. ದೇವರದಾ, ಸದನದ್ದಾ ಅನ್ನುವ ಪ್ರಶ್ನೆಗೆ ಪಕ್ಷ ಉತ್ತರ ಬರೆದುಕೊಟ್ಟದ್ದು ಅಲ್ಲಿ.

2013: ಬಿಡುವುದಾ, ಹಿಡಿಯುವುದಾ

ಪ್ರಕರಣದ ನಡುಭಾಗ ಇದು. ಆ ವರ್ಷ ಫೆಬ್ರವರಿ 6ರ ಬೆಳಗ್ಗೆ ಎಡಪಂಥದ ವಕೀಲ ಶುಕ್ರಿ ಬೆಲಾಯಿದ್ ಅವರನ್ನು ಮನೆಯ ಹೊರಗೆ ಗುಂಡಿಟ್ಟು ಕೊಂದರು. ಪ್ರಧಾನಿ ಜಿಬಾಲಿ ಅದೇ ದಿನ, ಪಕ್ಷಗಳನ್ನು ಬಿಟ್ಟು ತಜ್ಞರ ಸರ್ಕಾರ ಮಾಡೋಣ ಅಂದರು. ಅವರದೇ ಪಕ್ಷ ಒಪ್ಪಲಿಲ್ಲ. ಜಿಬಾಲಿ ರಾಜೀನಾಮೆ ಕೊಟ್ಟರು, ಲಾರಾಯೆದ್ ಪ್ರಧಾನಿಯಾದರು. ಅಂದರೆ ಕುರ್ಚಿ ಬಿಡುವ ಅವಕಾಶ ಮೊದಲ ಸಲ ಬಂದಾಗ ಎನ್ನಹ್ದಾ ಬಿಡಲಿಲ್ಲ.

ಜುಲೈ 3ರಂದು ಈಜಿಪ್ಟಿನಲ್ಲಿ ಸೇನೆ ಮುಸ್ಲಿಂ ಬ್ರದರ್‌ಹುಡ್‌ನ ಅಧ್ಯಕ್ಷ ಮೊರ್ಸಿಯನ್ನು ಕಿತ್ತೆಸೆಯಿತು. ಜುಲೈ 25ರಂದು ಟುನೀಶಿಯಾದಲ್ಲಿ ಇನ್ನೊಬ್ಬ ಎಡಪಂಥದ ಸದಸ್ಯ ಮುಹಮ್ಮದ್ ಬ್ರಾಹ್ಮಿಯ ಕೊಲೆ. ವಿರೋಧ ಪಕ್ಷದ ಸದಸ್ಯರು ಸದನ ಬಿಟ್ಟು ಹೊರಬಂದು, ಸಂಸತ್ತಿರುವ ಬಾರ್ದೋ ಚೌಕದಲ್ಲಿ ಧರಣಿ ಕೂತರು. ಸಭಾಧ್ಯಕ್ಷ ಬೆನ್ ಜಾಫರ್ ಸಭೆಯನ್ನೇ ನಿಲ್ಲಿಸಿದರು. ಕೊಲೆ ಮಾಡಿದವರು ಉಗ್ರ ಸಲಫಿ ಗುಂಪಿನವರು. ಅಂಥ ಗುಂಪುಗಳು ಮಸೀದಿಗಳನ್ನು ಹಿಡಿದುಕೊಂಡಾಗ, 2012ರ ಸೆಪ್ಟೆಂಬರ್ 14ರಂದು ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿದಾಗ ಸರ್ಕಾರ ಸಡಿಲ ಬಿಟ್ಟಿತ್ತು. ನಮ್ಮ ಹುಡುಗರ ಹಾಗೆಯೇ ದಾರಿ ತಪ್ಪಿದವರು, ಮಾತಾಡಿ ಸರಿಮಾಡಬಹುದು ಅನ್ನುವ ಭಾವನೆ ಪಕ್ಷದಲ್ಲಿ ಹಲವರಿಗಿತ್ತು. ಆ ಸಡಿಲಿಕೆಗೆ ಬೇರೆಯವರ ಜೀವ ಹೋಯಿತು. ಎನ್ನಹ್ದಾದ ಲೆಕ್ಕದಲ್ಲಿ ಅತಿ ದೊಡ್ಡ ತಪ್ಪು ಇದು ಅಂತ ನಾನು ತಿಳಿದಿದ್ದೇನೆ. ಮುಖ್ಯ ಸಲಫಿ ಸಂಘಟನೆ ಅನ್ಸಾರ್ ಅಲ್ ಶರೀಅವನ್ನು ಭಯೋತ್ಪಾದಕ ಸಂಘಟನೆ ಅಂತ ಸಾರಿದ್ದು 2013ರ ಆಗಸ್ಟ್‌ನಲ್ಲಿ, ಎರಡು ಕೊಲೆಗಳಾದ ಮೇಲೆ.

ಆಗಸ್ಟ್ ನಡುವೆ ಘನ್ನೂಶಿ ಪ್ಯಾರಿಸ್ಸಿಗೆ ಹೋಗಿ ವಿರೋಧ ಪಕ್ಷ ನಿದಾ ತೂನಿಸ್‌ನ ಬೇಜಿ ಕಾಇದ್ ಎಸ್ಸೆಬ್ಸಿಯವರನ್ನು ಭೇಟಿಯಾದರು. ಎಸ್ಸೆಬ್ಸಿ ಬುರ್ಗೀಬಾ ಕಾಲದಲ್ಲಿ ಗೃಹ ಸಚಿವರಾಗಿದ್ದವರು. ಎನ್ನಹ್ದಾದ ಕಾರ್ಯಕರ್ತರಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಸರಿಸುಮಾರು ಅದೇ ದಿನಗಳಲ್ಲಿ ಕೈರೋದ ರಾಬಿಆ ಚೌಕದಲ್ಲಿ ಭದ್ರತಾ ಪಡೆಗಳು ಮೊರ್ಸಿ ಬೆಂಬಲಿಗರಾದ ನೂರಾರು ಜನರನ್ನು ಕೊಂದವು.

ಮಧ್ಯಸ್ಥಿಕೆಗೆ ಬಂದವರು ನಾಲ್ವರು: ಕಾರ್ಮಿಕರ ಯುಜಿಟಿಟಿ, ಉದ್ಯಮಿಗಳ ಸಂಘ, ವಕೀಲರ ಸಂಘ, ಮಾನವ ಹಕ್ಕುಗಳ ಲೀಗ್. 2015ರ ನೊಬೆಲ್ ಶಾಂತಿ ಪ್ರಶಸ್ತಿ ಇವರಿಗೇ ಬಂತು. ಅಕ್ಟೋಬರ್ 5ರಂದು ಒಪ್ಪಂದಕ್ಕೆ ಸಹಿ ಬಿತ್ತು. ಒಪ್ಪಂದದ ಜಾಣ್ಮೆ ಇರುವುದು ಅದರ ಜೋಡಣೆಯಲ್ಲಿ. ಸಂವಿಧಾನ ಮುಗಿಸುವುದು, ಚುನಾವಣಾ ಆಯೋಗ ರಚಿಸುವುದು, ಸರ್ಕಾರ ಕೆಳಗಿಳಿಯುವುದು ಮೂರೂ ಒಟ್ಟೊಟ್ಟಿಗೆ ನಡೆಯಬೇಕು. ಒಬ್ಬರು ಮಾತಿಗೆ ತಪ್ಪಿದರೆ ಉಳಿದದ್ದೂ ನಿಲ್ಲುತ್ತದೆ. ಎನ್ನಹ್ದಾ ಬರಿಗೈಯಲ್ಲಿ ಎದ್ದು ಹೋಗಲಿಲ್ಲ, ಸಂವಿಧಾನ ಪಡೆದು ಹೋಯಿತು.

ತರಗತಿಯಲ್ಲಿ ಮಕ್ಕಳನ್ನು ಪಕ್ಷದ ತೀರ್ಮಾನ ಮಾಡುವ ಶೂರಾ ಸಮಿತಿಯ ಸದಸ್ಯರಂತೆ ಕೂರಿಸಿ ಕೇಳಿದೆ, ಬಿಡುತ್ತೀರಾ? ಮೊದಲ ಸುತ್ತಿನಲ್ಲಿ ಹೆಚ್ಚಿನವರು ಬಿಡುವುದಿಲ್ಲ ಅಂದರು. ಗೆದ್ದಿದ್ದೇವೆ, ಯಾಕೆ ಬಿಡಬೇಕು? ನಿಜವಾದ ಶೂರಾ ಸಮಿತಿಯಲ್ಲೂ ಬಹಳ ಜನರ ಮಾತು ಅದೇ ಇತ್ತು. ಸಿದ್ದಾಪುರ ಕಡೆಯ ಒಬ್ಬ ಹುಡುಗ ಮಾತ್ರ ಬೇರೆ ಥರ ಯೋಚಿಸಿದ. "ಈಗ ಹಿಡಿದುಕೊಂಡರೆ ಮುಂದೆ ಎಲೆಕ್ಷನ್ನೇ ಇರೋದಿಲ್ಲ ಮೇಡಂ. ಬಿಟ್ಟರೆ ಇನ್ನೊಂದು ಸಲ ನಿಲ್ಲಬಹುದು." ಈಜಿಪ್ಟಿನ ಭಯ ಮತ್ತು ಲೆಕ್ಕಾಚಾರ ಎರಡೂ ಆ ಮಾತಿನಲ್ಲಿವೆ. ಭಯದಿಂದ ಬಿಟ್ಟರು ಅನ್ನುವುದು ಸುಳ್ಳಲ್ಲ. ಆದರೆ ಭಯಕ್ಕೆ ಬಿಟ್ಟವರು ಹಳೆಯ ಆಡಳಿತದವರಿಗೆ ಚುನಾವಣೆಯಲ್ಲಿ ನಿಲ್ಲಲು ನಿಷೇಧ ಹೇರುವ ಪ್ರಸ್ತಾಪವನ್ನಾದರೂ ಗೆಲ್ಲಿಸಿಕೊಳ್ಳಬಹುದಿತ್ತು. ತಮ್ಮನ್ನು ಜೈಲಿಗೆ ಹಾಕಿದವರನ್ನು ಹೊರಗಿಡುವ ಪ್ರಸ್ತಾಪ ಅದು. 2014ರ ಮೇ 1ರಂದು ಒಂದೇ ಒಂದು ಓಟಿನಿಂದ ಬಿದ್ದುಹೋಯಿತು. ಅದು ಬೀಳಲಿ ಅಂತಲೇ ಘನ್ನೂಶಿ ತಮ್ಮವರನ್ನು ಒಪ್ಪಿಸಲು ಓಡಾಡಿದ್ದರು.

ಅಕ್ಟೋಬರ್‌ನ ಚುನಾವಣೆಯಲ್ಲಿ ನಿದಾ ತೂನಿಸ್ 86, ಎನ್ನಹ್ದಾ 69. ಸೋಲೊಪ್ಪಿಕೊಂಡು, 2015ರಲ್ಲಿ ಗೆದ್ದವರ ಸರ್ಕಾರದಲ್ಲೇ ಸಣ್ಣ ಪಾಲುದಾರರಾದರು.

ಮಸೀದಿಯ ಮಿಂಬರ್ (ಪ್ರವಚನ ಪೀಠ) ಬೇರೆ, ಮೈಕ್ ಬೇರೆ

2016ರ ಮೇ 20ರಿಂದ 22ರವರೆಗೆ ಪಕ್ಷದ ಹತ್ತನೇ ಮಹಾಧಿವೇಶನ. ಉದ್ಘಾಟನೆಗೆ, ಆಗ ದೇಶದ ಅಧ್ಯಕ್ಷರಾಗಿದ್ದ ಎಸ್ಸೆಬ್ಸಿ ಸ್ವತಃ ಬಂದರು. ಇನ್ನು ಮುಂದೆ ನಾವು ಬರೀ ರಾಜಕೀಯ ಪಕ್ಷ, ಧರ್ಮಬೋಧನೆ ಬೇರೆ ಸಂಘಗಳ ಕೆಲಸ ಅಂತ ಅಲ್ಲಿ ನಿರ್ಣಯವಾಯಿತು. ರಾಜಕೀಯ ಇಸ್ಲಾಂ ಅನ್ನುವ ಹಣೆಪಟ್ಟಿ ಬೇಡ, ನಾವು ಮುಸ್ಲಿಂ ಪ್ರಜಾಪ್ರಭುತ್ವವಾದಿಗಳು ಅಂದರು. ನಿಯಮವೂ ಸ್ಪಷ್ಟವಿತ್ತು. ಪಕ್ಷದ ಪದಾಧಿಕಾರಿ ಮಸೀದಿಯಲ್ಲಿ ಬೋಧನೆ ಮಾಡುವ ಹಾಗಿಲ್ಲ, ಧಾರ್ಮಿಕ ಸಂಘದ ಮುಖ್ಯಸ್ಥನೂ ಆಗುವ ಹಾಗಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಊರಿನ ದೇವಸ್ಥಾನ, ಮಸೀದಿ, ಚರ್ಚ್ ಕಮಿಟಿಯ ಹೆಸರುಗಳನ್ನು ಒಂದು ಕಡೆ ಬರೆಯಿರಿ. ಪಂಚಾಯಿತಿ ಮೆಂಬರ್, ಸೊಸೈಟಿ ಡೈರೆಕ್ಟರ್, ಪಕ್ಷದ ಪದಾಧಿಕಾರಿ ಇವರ ಹೆಸರು ಇನ್ನೊಂದು ಕಡೆ. ಹೆಚ್ಚಿನ ಊರುಗಳಲ್ಲಿ ಒಂದೋ ಎರಡೋ ಹೆಸರು ಎರಡೂ ಕಡೆ ಬಂದವು. ಗ್ರಾಮ ಪಂಚಾಯಿತಿ ಚುನಾವಣೆಗೆ ನಮ್ಮಲ್ಲಿ ಪಕ್ಷದ ಚಿಹ್ನೆ ಇಲ್ಲ ನಿಜ, ಆದರೆ ಯಾರು ಯಾವ ಪಕ್ಷದವರು ಅಂತ ಊರಿಗೇ ಗೊತ್ತು, ಅಲ್ವಾ? ನಾಪೋಕ್ಲು ಕಡೆಯ ಒಬ್ಬ ಹುಡುಗಿ ಹೇಳಿದಳು: "ನಮ್ಮ ಉಸ್ತಾದ್ ಯಾವ ಪಕ್ಷಕ್ಕೂ ಹೇಳೋದಿಲ್ಲ. ಆದ್ರೆ ಜಮಾಅತ್ ಕಮಿಟಿಯವರು ಹೇಳ್ತಾರೆ." ಕೊಡವ ಮನೆಯ ಹುಡುಗನೊಬ್ಬ ಊರಿನ ಮುಖ್ಯಸ್ಥರಾದ ತಕ್ಕರ ಮಾತನ್ನು ಅದಕ್ಕೆ ಸೇರಿಸಿದ: "ತಕ್ಕರು ಎಲೆಕ್ಷನ್‌ಗೆ ನಿಂತರೆ ಬೇಡ ಅನ್ನೋದಕ್ಕೆ ಯಾರಿಗೂ ಧೈರ್ಯ ಇಲ್ಲ. ದೇವರ ಕೆಲಸದಲ್ಲಿ ಮುಂದೆ ನಿಲ್ಲೋರು ಅವರೇ ಅಲ್ವಾ." ಆವರೆಗೆ ದೂರದ ಟುನೀಶಿಯಾದ ನಿರ್ಣಯವಾಗಿದ್ದದ್ದು ಆ ಹೊತ್ತಿಗೆ ಎಲ್ಲರ ಊರಿನ ಮಾತಾಯಿತು. ಎರಡು ಜವಾಬ್ದಾರಿ ಒಬ್ಬರಲ್ಲೇ ಇದ್ದಾಗ ವಿರೋಧಿಸುವವನು ರಾಜಕೀಯ ವಿರೋಧಿಯಾಗಿ ಉಳಿಯುವುದಿಲ್ಲ, ದೇವರ ವಿರೋಧಿ ಅನ್ನಿಸಿಕೊಳ್ಳುತ್ತಾನೆ. ಎನ್ನಹ್ದಾ 2016ರಲ್ಲಿ ಕತ್ತರಿಸಿದ್ದು ಈ ಗಂಟನ್ನು.

ಪೂರ್ತಿ ಕತ್ತರಿಸಿತಾ? ಇಲ್ಲ. 2018ರಲ್ಲಿ ಟುನಿಸ್ ನಗರಕ್ಕೆ ಮೊದಲ ಮಹಿಳಾ ಮೇಯರ್ ಆದ ಸುಆದ್ ಅಬ್ದುರ್ರಹೀಮ್ ಎನ್ನಹ್ದಾದವರು, ತಲೆವಸ್ತ್ರ ಹಾಕದವರು. ಅದೇ ವರ್ಷ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಕಾನೂನನ್ನು ಎಸ್ಸೆಬ್ಸಿ ಮುಂದಿಟ್ಟಾಗ, ಕುರಾನಿನಲ್ಲಿ ಸ್ಪಷ್ಟವಾಗಿದೆ ಅಂತ ಎನ್ನಹ್ದಾ ಬೇಡ ಅಂದಿತು. ಇದು ಹಿಂದುಳಿದ ನಿಲುವು ಅಂತ ನನ್ನ ಅಭಿಪ್ರಾಯ. ತರಗತಿಯಲ್ಲಿ ಮುಸ್ಲಿಂ ಹುಡುಗಿಯರೇ ಇದನ್ನು ಮೊದಲು ಟೀಕಿಸಿದರು. ಒಕ್ಕದ (ಕೊಡವ ಮನೆತನದ) ವಂಶಪಾರಂಪರ್ಯದ ಜಮ್ಮಾ ಜಾಗದಲ್ಲಿ ಹೆಣ್ಣುಮಕ್ಕಳ ಪಾಲಿನ ಮಾತು ನಮ್ಮಲ್ಲೂ ಸುಲಭ ಇಲ್ಲ ಅಂತ ಕೊಡವ ಹುಡುಗಿಯೊಬ್ಬಳು ಹೇಳಿದಳು. ಅದರ ಮೇಲೆ ಬೆಲ್ ಹೊ‍ಡೆಯುವವರೆಗೆ ಚರ್ಚೆ ನಡೆಯಿತು.

ಸೀಟು ಕರಗಿದ್ದು

15 ಲಕ್ಷ ಇದ್ದ ಓಟು 2014ರಲ್ಲಿ ಸುಮಾರು 9.5 ಲಕ್ಷ, 2019ರಲ್ಲಿ ಸುಮಾರು 5.6 ಲಕ್ಷ. ಸೀಟು 89, 69, 52. ಧರ್ಮ ಬಿಟ್ಟರು ಅಂತ ಕೋಪಿಸಿಕೊಂಡು ಹೋದವರು ಇದ್ದರು. ಆದರೆ ಇಳಿಕೆಗೆ ಅದೊಂದೇ ಕಾರಣ ಅಲ್ಲ. 2011ರಲ್ಲಿ ಜನ ಎದ್ದದ್ದು ಕೆಲಸಕ್ಕೆ, ಮರ್ಯಾದೆಗೆ. ಗಫ್ಸಾದ ಫಾಸ್ಫೇಟ್ ಗಣಿ ಸೀಮೆಯಲ್ಲಿ, ಸೀದಿ ಬೂಝೀದ್‌ನಲ್ಲಿ ಡಿಗ್ರಿ ಮುಗಿಸಿದ ಹುಡುಗರು ಮೊದಲೂ ಖಾಲಿ ಕೂತಿದ್ದರು, ಆಮೇಲೂ ಖಾಲಿ ಕೂತರು. ಸಮುದ್ರ ದಾಟಿ ಇಟಲಿಗೆ ಹೊರಟ ದೋಣಿಗಳು ನಿಲ್ಲಲಿಲ್ಲ. 2016ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಿಂದ ಸುಮಾರು 290 ಕೋಟಿ ಡಾಲರ್ ಸಾಲ, ಅದರ ಜೊತೆ ಸಬ್ಸಿಡಿ ಮತ್ತು ಸಂಬಳದ ಬಿಲ್ ಇಳಿಸಬೇಕೆನ್ನುವ ಷರತ್ತು. 2017ರಲ್ಲಿ ಹಳೆಯ ಆಡಳಿತದ ಅಧಿಕಾರಿಗಳಿಗೆ ಭ್ರಷ್ಟಾಚಾರದ ಕೇಸುಗಳಿಂದ ಮಾಫಿ ಕೊಡುವ ಕಾನೂನು ಬಂದಾಗ ಎನ್ನಹ್ದಾ ಬೆಂಬಲಿಸಿತು. ಒಮ್ಮತ ಅನ್ನುವುದು 2013ರಲ್ಲಿ ದೇಶ ಉಳಿಸಿತ್ತು. 2017ರ ಹೊತ್ತಿಗೆ ಅದು ಮೇಲಿನವರ ಹೊಂದಾಣಿಕೆ ಅನ್ನಿಸತೊಡಗಿತು. ಸಿಟ್ಟಾದ ಜನರನ್ನು ನಾನು ದೂರುವುದಿಲ್ಲ.

ಇನ್ನೊಂದು ಲೋಪ ಕಣ್ಣಿಗೆ ಕಾಣದ್ದು, ಆದರೆ ಅದೇ ಮುಳುವಾಯಿತು. 2014ರ ಸಂವಿಧಾನದ ಪ್ರಕಾರ ಚುನಾವಣೆಯಾಗಿ ಒಂದು ವರ್ಷದೊಳಗೆ ಸಾಂವಿಧಾನಿಕ ಕೋರ್ಟ್ ರಚನೆಯಾಗಬೇಕಿತ್ತು. ನ್ಯಾಯಾಧೀಶರು ಯಾರಾಗಬೇಕು ಅನ್ನುವುದರಲ್ಲಿ ಪಕ್ಷಗಳು ಒಪ್ಪಂದಕ್ಕೆ ಬರಲಿಲ್ಲ. ವರ್ಷಗಟ್ಟಲೆ ಎಳೆದರು. ಎನ್ನಹ್ದಾವೂ ಎಳೆಯಿತು. ಕೋರ್ಟ್ ಬರಲೇ ಇಲ್ಲ.

2019ರಲ್ಲಿ ಯಾವ ಪಕ್ಷವೂ ಇಲ್ಲದ ಕಾನೂನು ಮೇಷ್ಟರು ಕೈಸ್ ಸಯೀದ್ 70ಕ್ಕೂ ಜಾಸ್ತಿ ಶೇಕಡಾ ಓಟಿನಿಂದ ಅಧ್ಯಕ್ಷರಾದರು. ಪಕ್ಷಕ್ಕೆ ವಾಪಸ್ ಬಂದಿದ್ದ ಅಬ್ದುಲ್ ಫತ್ತಾಹ್ ಮೂರೂ ಎನ್ನಹ್ದಾದ ಅಭ್ಯರ್ಥಿ, ಮೊದಲ ಸುತ್ತಿನಲ್ಲೇ ಮೂರನೆಯವರಾಗಿ ಹೊರಗಾಗಿದ್ದರು. ಘನ್ನೂಶಿ ಸಭಾಧ್ಯಕ್ಷರಾದರು. ಆಮೇಲೆ ಕೊರೊನಾ, ಆಸ್ಪತ್ರೆಗಳಲ್ಲಿ ಜಾಗವಿಲ್ಲ, ಸದನದಲ್ಲಿ ಬರೀ ಜಗಳ. 2021ರ ಜುಲೈ 25ರಂದು ಸಯೀದ್ ಪ್ರಧಾನಿಯನ್ನು ವಜಾ ಮಾಡಿ ಸಂಸತ್ತನ್ನು ಅಮಾನತಿನಲ್ಲಿಟ್ಟರು. ಆ ರಾತ್ರಿ ಘನ್ನೂಶಿ ಬಾರ್ದೋಗೆ ಬಂದರು. ಗೇಟಿನ ಒಳಗಡೆ ಸೈನಿಕರು. ವಯಸ್ಸು 80, ಕಾರಿನಲ್ಲೇ ಕೂತರು, ಒಳಗೆ ಬಿಡಲಿಲ್ಲ. ನಗರದಲ್ಲಿ ಜನ ಹಾರ್ನ್ ಹೊಡೆದು ಖುಷಿಪಟ್ಟರು. ಅಧ್ಯಕ್ಷರ ಕ್ರಮ ಸಂವಿಧಾನಕ್ಕೆ ವಿರುದ್ಧವಾ ಅಂತ ಕೇಳಲು ಹೋಗಬೇಕಾದ ಕೋರ್ಟ್ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ, ನಾಯಕತ್ವ ತಪ್ಪು ತಿದ್ದಿಕೊಳ್ಳುತ್ತಿಲ್ಲ ಅಂತ ನೂರಕ್ಕೂ ಹೆಚ್ಚು ಪದಾಧಿಕಾರಿಗಳು ಎನ್ನಹ್ದಾ ಬಿಟ್ಟರು. ಸಮೀರ್ ದಿಲೂ ಅವರಲ್ಲಿ ಒಬ್ಬರು. ಸುಮಾರು 30 ವರ್ಷ ಘನ್ನೂಶಿ ಒಬ್ಬರೇ ಮುಖ್ಯಸ್ಥರಾಗಿದ್ದ ಪಕ್ಷ, ದೇಶಕ್ಕೆ ಹೇಳಿದ ಪ್ರಜಾಪ್ರಭುತ್ವವನ್ನು ತನ್ನೊಳಗೆ ಸಾಕಷ್ಟು ತಂದುಕೊಂಡಿರಲಿಲ್ಲ.

ಈಗಿನ ಸ್ಥಿತಿ

2022ರ ಜುಲೈ 25ರಂದು ಸಯೀದ್ ಹೊಸ ಸಂವಿಧಾನಕ್ಕೆ ಜನಮತ ಕೇಳಿದರು. ಓಟು ಹಾಕಿದ್ದು ಮೂರರಲ್ಲಿ ಒಬ್ಬರಿಗಿಂತ ಕಡಿಮೆ. ಅದರ ಐದನೇ ವಿಧಿ ಟುನೀಶಿಯಾ ಇಸ್ಲಾಮಿಕ್ ಸಮುದಾಯದ ಭಾಗ, ಇಸ್ಲಾಮಿನ ಉದ್ದೇಶಗಳನ್ನು ಸಾಧಿಸುವುದು ಸರ್ಕಾರದ ಕೆಲಸ ಅನ್ನುತ್ತದೆ. ಎನ್ನಹ್ದಾ ಅಧಿಕಾರದಲ್ಲಿದ್ದಾಗ ಬರೆಸದೆ ಬಿಟ್ಟಂಥ ಮಾತು ಇದು. ಬರೆಸಿದವರು ಯಾವ ಇಸ್ಲಾಮಿಕ್ ಪಕ್ಷಕ್ಕೂ ಸೇರದ ಅಧ್ಯಕ್ಷ. ಧರ್ಮವನ್ನು ಸರ್ಕಾರದ ಕೈಗೆ ಕೊಡುವ ಅಪಾಯ ಇಸ್ಲಾಮಿಕ್ ಪಕ್ಷಗಳಿಂದ ಮಾತ್ರ ಬರುತ್ತದೆ ಅಂತ ಬರೆದು ತಂದ ಮಕ್ಕಳಿಗೆ ಈ ವಿಧಿಯನ್ನು ಓದಲು ಕೊಡುತ್ತೇನೆ.

2023ರ ಏಪ್ರಿಲ್ 17ರಂದು, ರಂಜಾನ್ ತಿಂಗಳಲ್ಲೇ, ಘನ್ನೂಶಿಯವರನ್ನು ಬಂಧಿಸಿದರು. ಮರುದಿನ ಪಕ್ಷದ ಕೇಂದ್ರ ಕಚೇರಿ ಮುಚ್ಚಿಸಿದರು. 2025ರ ಫೆಬ್ರವರಿಯಲ್ಲಿ ಅವರಿಗೆ 22 ವರ್ಷ ಶಿಕ್ಷೆಯಾಯಿತು. 2022ರ ಕೊನೆಗೆ ಜೈಲು ಸೇರಿದ್ದ ಲಾರಾಯೆದ್‌ಗೆ 2025ರಲ್ಲಿ 34 ವರ್ಷ. ಎಡಪಂಥದವರು, ಉದಾರವಾದಿಗಳು, ವಕೀಲರು, ಪತ್ರಕರ್ತರೂ ಜೈಲಿನಲ್ಲಿದ್ದಾರೆ.

ವಿರೋಧಿಗಳು 2022ರಲ್ಲಿ ಕಟ್ಟಿದ ರಾಷ್ಟ್ರೀಯ ವಿಮೋಚನಾ ರಂಗದಲ್ಲಿ ಎನ್ನಹ್ದಾ ಒಂದು ಅಂಗಪಕ್ಷ. ಅದನ್ನು ಮುನ್ನಡೆಸಿದವರು ಎನ್ನಹ್ದಾದವರಲ್ಲ, 2005ರಲ್ಲಿ ಉಪವಾಸ ಕೂತಿದ್ದ ನಜೀಬ್ ಶೆಬ್ಬಿ. ಪಕ್ಷ ಬಿಟ್ಟಿದ್ದ ದಿಲೂ ಕೂಡ ಆ ರಂಗಕ್ಕೆ ಸೇರಿಕೊಂಡರು. ಹಮ್ಮಾ ಹಮ್ಮಾಮಿಯ ಪಕ್ಷ ಈ ಸಲ ಹೊರಗೇ ಉಳಿಯಿತು. ಎನ್ನಹ್ದಾ ಆಳಿದ ವರ್ಷಗಳ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಅನ್ನುವುದು ಅವರ ತಕರಾರು.